ಪಿಎಚ್‌ಪಿ ಪುಟ ಡೇಟಾಬೇಸ್‌ಗೆ ಸೇರುತ್ತಿಲ್ಲವೇ? ಸಿಂಟ್ಯಾಕ್ಸ್ ಎರರ್ ಹುಡುಕುವ ಸರಿಯಾದ ಕ್ರಮ

ಹೋಂಸ್ಟೇ ಬುಕಿಂಗ್, ತೋಟದ ಮಳೆ ಲೆಕ್ಕ, ಕಾಳುಮೆಣಸು ಮಾರಿದ ಲೆಕ್ಕ ಎಂದು ಮನೆಮಟ್ಟಿಗೆ ಒಂದು ವೆಬ್ ಪುಟ ಮಾಡಿಕೊಳ್ಳುವವರು ಕೊಡಗಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ರಜೆಗೆ ಬಂದ ಮಗನೋ ಮಗಳೋ, ಪಕ್ಕದ ಮನೆಯ ಡಿಪ್ಲೊಮಾ ಹುಡುಗನೋ ಪಿಎಚ್‌ಪಿ (ಪುಟ ನಡೆಸುವ ಭಾಷೆ), ಮೈಎಸ್‌ಕ್ಯೂಎಲ್ (ಮಾಹಿತಿ ಇಡುವ ಡೇಟಾಬೇಸ್) ಹಿಡಿದು ಶುರು ಮಾಡುತ್ತಾರೆ. ಫಾರ್ಮ್ ಚೆಂದ ಕಾಣುತ್ತದೆ. ಸಬ್ಮಿಟ್ ಒತ್ತಿದ ಕೂಡಲೇ ಎರರ್. ಆಮೇಲೆ ಎಲ್ಲರ ದೂರೂ ಒಂದೇ: “ಡೇಟಾಬೇಸ್ ಕನೆಕ್ಟ್ ಆಗ್ತಿಲ್ಲ, ಪಾಸ್‌ವರ್ಡ್ ಬದಲಾಯಿಸಿದರೂ ಆಗ್ತಿಲ್ಲ.”

ಹೆಚ್ಚಿನ ಸಲ ಕನೆಕ್ಷನ್ ಸರಿಯಾಗಿಯೇ ಇರುತ್ತದೆ. ತಪ್ಪು ಬೇರೆ ಕಡೆ, ಬಹಳ ಸಲ ಸಿಂಟ್ಯಾಕ್ಸ್‌ನಲ್ಲಿ (ಕೋಡ್ ಬರೆಯುವ ವ್ಯಾಕರಣದಲ್ಲಿ) ಇರುತ್ತದೆ, ಹುಡುಕುವುದು ಮಾತ್ರ ಪಾಸ್‌ವರ್ಡ್‌ನಲ್ಲಿ. ಹಾಗಾಗಿ ಇಲ್ಲಿ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಹಂತ ಹಾರಿಸಬೇಡಿ.

ಒಂದು ಸೂಚನೆ: ಕೋಡಿನ ಪದಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಫೈಲಿನಲ್ಲಿ ಅವನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು. ಚಿಹ್ನೆಗಳು ಮಾತ್ರ ಇಲ್ಲಿ ಇದ್ದ ಹಾಗೆಯೇ.

ಮೊದಲು ಇವು ಕೈಯಲ್ಲಿರಲಿ

ಸಾಲಿನ ನಂಬರ್ ತೋರಿಸುವ, ಕೋಡಿಗೆ ಬಣ್ಣ ಹಚ್ಚುವ ಎಡಿಟರ್ ಬೇಕು. ವಿಎಸ್ ಕೋಡ್ ಅಥವಾ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಸಾಕು, ಎರಡೂ ಉಚಿತ. ವರ್ಡ್‌ನಲ್ಲಿ ಕೋಡ್ ಬರೆಯಲೇಬೇಡಿ. ಯಾಕೆ ಎನ್ನುವುದು ಹಂತ 4ರಲ್ಲಿ ಗೊತ್ತಾಗುತ್ತದೆ.

ಮನೆಯ ಕಂಪ್ಯೂಟರ್‌ನಲ್ಲಿ ಝಾಂಪ್ (ಪಿಎಚ್‌ಪಿ, ಡೇಟಾಬೇಸ್, ಅಪಾಚೆ ಎಂಬ ವೆಬ್ ಸರ್ವರ್ ಒಟ್ಟಿಗೇ ಇರುವ ಕಟ್ಟು) ಇದ್ದರೆ ಪಿಎಚ್‌ಪಿಮೈಅಡ್ಮಿನ್ (ಡೇಟಾಬೇಸನ್ನು ಬ್ರೌಸರ್‌ನಲ್ಲೇ ನೋಡಿ ತಿದ್ದುವ ಪುಟ) ಅದರ ಜೊತೆಗೇ ಬಂದಿರುತ್ತದೆ. ಅದರ ಎಸ್‌ಕ್ಯೂಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ) ಟ್ಯಾಬ್ ನಮಗೆ ಬಹಳ ಉಪಯೋಗಕ್ಕೆ ಬರುತ್ತದೆ. ಝಾಂಪ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೈಎಸ್‌ಕ್ಯೂಎಲ್ ಎಂದು ಬರೆದಿದ್ದರೂ ಒಳಗೆ ಓಡುವುದು ಅದರ ದಾಯಾದಿ ಮರಿಯಾಡಿಬಿ. ಮನೆಯಲ್ಲಿ ಓಡಿದ ಪುಟ ಹೋಸ್ಟಿಂಗ್‌ನಲ್ಲಿ (ಬಾಡಿಗೆಗೆ ತೆಗೆದುಕೊಂಡ ಸರ್ವರ್‌ನಲ್ಲಿ) ನಿಂತುಹೋಗುವುದಕ್ಕೆ ಇದೂ ಒಂದು ಕಾರಣ. ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಲಸ ಶುರು ಮಾಡುವ ಮುಂಚೆ ಈಗಿರುವ ಫೈಲುಗಳ ಒಂದು ನಕಲು ತೆಗೆದು ಬೇರೆ ಫೋಲ್ಡರ್‌ನಲ್ಲಿಡಿ. ಗಾಬರಿಯಲ್ಲಿ ನಾಲ್ಕು ಕಡೆ ಬದಲಾಯಿಸಿ, ಮೊದಲು ಹೇಗಿತ್ತು ಎಂದೇ ಮರೆತುಹೋಗುವುದು ಮಾಮೂಲಿ.

ಹಂತ 1: ಎರರ್ ಕೊಡುತ್ತಿರುವುದು ಯಾರು?

ಪರದೆಯ ಮೇಲೆ ಬರುವ ಎರರ್ ಮೂರು ಕಡೆಯಿಂದ ಬರಬಹುದು. ಕೋಡ್ ಮುಟ್ಟುವ ಮುಂಚೆ ಯಾವ ಕಡೆಯದು ಎಂದು ಗುರುತಿಸಿ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೊಂದೇ.

‘ಪಾರ್ಸ್ ಎರರ್’ ಎಂದು ಶುರುವಾಗಿ, ಫೈಲಿನ ಹೆಸರು, ಸಾಲಿನ ನಂಬರ್ ಇದ್ದರೆ ಅದು ಪಿಎಚ್‌ಪಿಯ ತಕರಾರು. ನಿಮ್ಮ ಫೈಲನ್ನು ಓದುವುದಕ್ಕೇ ಅದಕ್ಕೆ ಆಗಿಲ್ಲ. ಒಂದು ಸಾಲೂ ಓಡಿಲ್ಲ, ಡೇಟಾಬೇಸ್ ಕಡೆ ತಲೆಯೂ ಹಾಕಿಲ್ಲ. ಹಂತ 3ಕ್ಕೆ ಹೋಗಿ.

ನಂಬರ್ 1045, 1044, 1049 ಅಥವಾ 2002 ಕಂಡರೆ ಅದು ನಿಜವಾದ ಕನೆಕ್ಷನ್ ತೊಂದರೆ. ಇದು ಸಿಂಟ್ಯಾಕ್ಸ್ ಎರರ್ ಅಲ್ಲವೇ ಅಲ್ಲ. ಹಂತ 5.

ನಂಬರ್ 1064, ಜೊತೆಗೆ ‘ಎಸ್‌ಕ್ಯೂಎಲ್ ಸಿಂಟ್ಯಾಕ್ಸ್’ ಎಂಬ ಮಾತು ಇದ್ದರೆ ಎರರ್ ಕೊಟ್ಟಿದ್ದು ಡೇಟಾಬೇಸ್. ಅಂದರೆ ಕನೆಕ್ಷನ್ ಆಗಿದೆ! ಕಾಗದ ತಲುಪಿದೆ, ಬರೆದದ್ದು ಅರ್ಥವಾಗಿಲ್ಲ ಅಂತ ಉತ್ತರ ಬಂದಿದೆ, ಅಷ್ಟೇ. ಈಗ ಯೂಸರ್‌ನೇಮ್, ಪಾಸ್‌ವರ್ಡ್, ಹೋಸ್ಟ್ ಯಾವುದನ್ನೂ ಮುಟ್ಟಬೇಡಿ. ಸರಿ ಇದ್ದದ್ದನ್ನು ಕೆಡಿಸಿಕೊಂಡರೆ ಒಂದು ತೊಂದರೆ ಎರಡಾಗುತ್ತದೆ. ಹಂತ 6.

ಏನೂ ಕಾಣದೆ ಬರೀ ಬಿಳಿ ಪುಟ, ಅಥವಾ 500 ಎಂಬ ನಂಬರ್ ಬಂದರೆ ಮುಂದಿನ ಹಂತ.

ಹಂತ 2: ಎರರ್ ಪೂರ್ತಿ ಕಾಣಿಸುವಂತೆ ಮಾಡಿ

ಪಿಎಚ್‌ಪಿಯ ಸೆಟ್ಟಿಂಗ್ ಫೈಲಿನಲ್ಲಿ (ಝಾಂಪ್‌ನ ಪಿಎಚ್‌ಪಿ ಫೋಲ್ಡರ್‌ನೊಳಗೆ ‘ಪಿಎಚ್‌ಪಿ.ಐಎನ್‌ಐ’ ಎಂದಿರುತ್ತದೆ) ‘ಡಿಸ್‌ಪ್ಲೇ ಎರರ್ಸ್’ ಎಂಬ ಸಾಲು ಹುಡುಕಿ ಆನ್ ಮಾಡಿ. ಉಳಿಸಿದ ಮೇಲೆ ಅಪಾಚೆ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಇದನ್ನು ಮರೆತು “ಆನ್ ಮಾಡಿದೆ, ಏನೂ ಬರ್ತಿಲ್ಲ” ಎನ್ನುವವರೇ ಜಾಸ್ತಿ.

ಕೆಲವರು ಅದೇ ಸೆಟ್ಟಿಂಗನ್ನು ತಮ್ಮ ಪಿಎಚ್‌ಪಿ ಫೈಲಿನ ಮೊದಲ ಸಾಲಿನಲ್ಲಿ ‘ಐಎನ್‌ಐ ಸೆಟ್’ ಎಂದು ಬರೆಯುತ್ತಾರೆ. ಬೇರೆ ಎರರ್‌ಗಳಿಗೆ ಅದು ಸರಿ. ಅದೇ ಫೈಲಿನಲ್ಲಿ ಪಾರ್ಸ್ ಎರರ್ ಇದ್ದರೆ ಮಾತ್ರ ಏನೂ ಪ್ರಯೋಜನವಿಲ್ಲ. ಫೈಲ್ ಪೂರ್ತಿ ಓದಿ ಮುಗಿಯದೆ ಆ ಮೊದಲ ಸಾಲೂ ಓಡುವುದಿಲ್ಲವಲ್ಲ.

ಹೋಸ್ಟಿಂಗ್‌ನಲ್ಲಿ ಸೆಟ್ಟಿಂಗ್ ಫೈಲ್ ಕೈಗೆ ಸಿಗದಿದ್ದರೆ ಎರರ್ ಲಾಗ್ ನೋಡಿ. ಸಿಪ್ಯಾನೆಲ್ (ಹೋಸ್ಟಿಂಗ್ ನೋಡಿಕೊಳ್ಳುವ ಪ್ಯಾನೆಲ್) ಇರುವ ಕಡೆ ಸಾಮಾನ್ಯವಾಗಿ ನಿಮ್ಮ ಫೋಲ್ಡರ್‌ನಲ್ಲೇ ‘ಎರರ್_ಲಾಗ್’ ಎಂಬ ಫೈಲ್ ಇರುತ್ತದೆ. ಅದರ ಕೊನೆಯ ಸಾಲು ಹೊಸ ಎರರ್.

ಇನ್ನು, ಕೋಡಿನಲ್ಲಿ ಎಲ್ಲಾದರೂ ಫಂಕ್ಷನ್ ಹೆಸರಿನ ಮುಂದೆ @ ಚಿಹ್ನೆ ಇದ್ದರೆ ಅಳಿಸಿ. ಅದು ಎಚ್ಚರಿಕೆಯ ಬಾಯಿ ಮುಚ್ಚಿಸುವ ಚಿಹ್ನೆ. ಹಳೆ ಟ್ಯುಟೋರಿಯಲ್‌ಗಳಲ್ಲಿ ಕನೆಕ್ಷನ್ ಸಾಲಿನ ಮುಂದೆ ಇದನ್ನು ಧಾರಾಳವಾಗಿ ಹಾಕಿರುತ್ತಾರೆ. ನನ್ನ ಪ್ರಕಾರ ಅಷ್ಟು ಕೆಟ್ಟ ಅಭ್ಯಾಸ ಇನ್ನೊಂದಿಲ್ಲ.

ಪಿಎಚ್‌ಪಿಯಿಂದ ಡೇಟಾಬೇಸ್‌ಗೆ ಸೇರಲು ಬಳಸುವ ದಾರಿಗಳು ಮೈಎಸ್‌ಕ್ಯೂಎಲ್‌ಐ ಮತ್ತು ಪಿಡಿಒ. ಪಿಎಚ್‌ಪಿ 8.1ರಿಂದ ಮೈಎಸ್‌ಕ್ಯೂಎಲ್‌ಐ ತನ್ನ ಎರರ್‌ಗಳನ್ನು ತಾನೇ ಎಕ್ಸೆಪ್ಶನ್ (ಕೋಡನ್ನು ಅಲ್ಲೇ ನಿಲ್ಲಿಸುವ ಎರರ್) ಆಗಿ ಎಸೆಯುತ್ತದೆ. ಪಿಡಿಒ 8.0ರಿಂದಲೇ ಹಾಗೆ. ಅದಕ್ಕಿಂತ ಹಳೆಯ ಪಿಎಚ್‌ಪಿ ಇದ್ದರೆ ಕನೆಕ್ಟ್ ಮಾಡುವ ಸಾಲಿಗಿಂತ ಮುಂಚೆ ‘ಮೈಎಸ್‌ಕ್ಯೂಎಲ್‌ಐ_ರಿಪೋರ್ಟ್’ ಸಾಲು ಹಾಕಿ, ‘ಎರರ್’ ಮತ್ತು ‘ಸ್ಟ್ರಿಕ್ಟ್’ ಎರಡನ್ನೂ ಆನ್ ಮಾಡಿ. ಇಲ್ಲದಿದ್ದರೆ ಕ್ವೆರಿ (ಡೇಟಾಬೇಸ್‌ಗೆ ಕಳಿಸುವ ಎಸ್‌ಕ್ಯೂಎಲ್ ಆದೇಶ) ಸೋತರೂ ಅದು ಸುಮ್ನೆ ಇರುತ್ತದೆ.

ಹಂತ 3: ಪಾರ್ಸ್ ಎರರ್ ಬಂದಿದ್ದರೆ

ಎರರ್‌ನಲ್ಲಿ ಹೇಳಿದ ಸಾಲನ್ನು ನೋಡಿ, ಅದಕ್ಕಿಂತ ಮುಂಚೆ ಅದರ ಮೇಲಿನ ಸಾಲನ್ನು ನೋಡಿ. 11ನೇ ಸಾಲಿನ ಕೊನೆಗೆ ಸೆಮಿಕೋಲನ್ ಮರೆತಿದ್ದರೆ ಪಿಎಚ್‌ಪಿ ಬೈಯುವುದು 12ನೇ ಸಾಲಿಗೆ. 12ರಲ್ಲಿ ಹೊಸ ವೇರಿಯಬಲ್ ($ ಚಿಹ್ನೆಯಿಂದ ಶುರುವಾಗುವ ಹೆಸರು) ಬಂದಾಗ ತಾನೇ ಅದಕ್ಕೆ ಗೊಂದಲವಾಗುವುದು? ‘ಅನ್‌ಎಕ್ಸ್‌ಪೆಕ್ಟೆಡ್ ವೇರಿಯಬಲ್’ ಎಂದು ಬಂದರೆ ಹತ್ತಿರ ಹತ್ತಿರ ಗ್ಯಾರಂಟಿ: ಮೇಲಿನ ಸಾಲಿನಲ್ಲಿ ; ಇಲ್ಲ, ಅಥವಾ ಎರಡು ಪದಗಳ ನಡುವೆ ಕಾಮಾನೋ ಚುಕ್ಕಿಯೋ ಬಿಟ್ಟುಹೋಗಿದೆ.

‘ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್’ (ಪಿಎಚ್‌ಪಿ 8ರಲ್ಲಿ ಹೆಚ್ಚಾಗಿ ‘ಅನ್‌ಕ್ಲೋಸ್ಡ್’) ಎಂದರೆ ಎಲ್ಲೋ ಒಂದು { ತೆರೆದು ಮುಚ್ಚಿಲ್ಲ. ಎರರ್‌ನ ಕೊನೆಗೆ ತೋರಿಸುವ ಸಾಲಿನ ನಂಬರ್ ಫೈಲಿನ ಕೊನೆಯದು, ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಎಡಿಟರ್‌ನಲ್ಲಿ ಪ್ರತಿ { ಪಕ್ಕ ಕರ್ಸರ್ ಇಡಿ. ಅದರ ಜೋಡಿ ಮಿಂಚುತ್ತದೆ. ಜೋಡಿ ಇಲ್ಲದ್ದು ಸಿಕ್ಕರೆ ಅದೇ ಕಳ್ಳ.

ಮೂರನೆಯದು ಫಾರ್ಮ್‌ನಿಂದ ಬಂದ ಬೆಲೆಯನ್ನು (ವ್ಯಾಲ್ಯೂ, ಅಂದರೆ ಗಿರಾಕಿ ತುಂಬಿದ ಮಾಹಿತಿ) ನೇರವಾಗಿ ಕ್ವೆರಿಯೊಳಗೆ ತುರುಕುವಾಗ ಬರುತ್ತದೆ. ಡಬಲ್ ಕೋಟ್ ಒಳಗೆ $_ಪೋಸ್ಟ್['ಹೆಸರು'] ಎಂದು ಹಾಗೇ ಬರೆದರೆ ಒಳಗಿನ ಸಿಂಗಲ್ ಕೋಟ್ ಪಿಎಚ್‌ಪಿಗೆ ಹಿಡಿಸುವುದಿಲ್ಲ. ಹಳೆ ಪಿಎಚ್‌ಪಿಯಲ್ಲಿ ‘ಎನ್‌ಕ್ಯಾಪ್ಸ್‌ಡ್ ಅಂಡ್ ವೈಟ್‌ಸ್ಪೇಸ್’ ಎಂಬ ಉದ್ದದ ಹೆಸರು ಬರುತ್ತದೆ, ಪಿಎಚ್‌ಪಿ 8ರಲ್ಲಿ ‘ಸ್ಟ್ರಿಂಗ್ ಕಂಟೆಂಟ್’ ಎಂದು. ಮೊದಲು ಬೇರೆ ಸಾಲಿನಲ್ಲಿ $ಹೆಸರು ಎಂಬ ವೇರಿಯಬಲ್‌ಗೆ ಹಾಕಿಕೊಳ್ಳಿ, ಆಮೇಲೆ ಬಳಸಿ. ಸದ್ಯಕ್ಕೆ ಇಷ್ಟು ಸಾಕು, ಹಂತ 7ರಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇದೆ.

ಪುಟ ತೆರೆದು ನೋಡುವ ಬದಲು ಕಮಾಂಡ್ ಪ್ರಾಂಪ್ಟ್‌ನಲ್ಲೇ ಪರೀಕ್ಷಿಸಬಹುದು. ‘ಪಿಎಚ್‌ಪಿ’ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ಸಣ್ಣ ‘ಎಲ್’ ಅಕ್ಷರ, ಮತ್ತೆ ಜಾಗ ಬಿಟ್ಟು ಫೈಲಿನ ಹೆಸರು ಕೊಡಿ. ಫೈಲನ್ನು ಓಡಿಸದೆ ಬರೀ ಸಿಂಟ್ಯಾಕ್ಸ್ ನೋಡಿ ಹೇಳುತ್ತದೆ. ಇದು ಪಿಎಚ್‌ಪಿಯ ತಪ್ಪನ್ನು ಮಾತ್ರ ಹಿಡಿಯುತ್ತದೆ. ಕೋಟ್ ಒಳಗಿರುವ ಎಸ್‌ಕ್ಯೂಎಲ್ ಅದರ ಪಾಲಿಗೆ ಬರೀ ಅಕ್ಷರ.

ಹಂತ 4: ಕಣ್ಣಿಗೆ ಸರಿ ಕಾಣುವ ತಪ್ಪು ಅಕ್ಷರಗಳು

ಕೋಡ್ ಅಕ್ಷರಕ್ಕಕ್ಷರ ಸರಿ ಇದೆ, ಆದರೂ ಎರರ್. ಹೀಗಾದಾಗ ಆ ಕೋಡ್ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ವಾಟ್ಸಾಪ್‌ನಲ್ಲಿ ಗೆಳೆಯ ಕಳಿಸಿದ್ದೇ? ವರ್ಡ್‌ನಿಂದ ತೆಗೆದದ್ದೇ? ಪಿಡಿಎಫ್ ನೋಟ್ಸ್‌ನಿಂದ ಕಾಪಿ ಮಾಡಿದ್ದೇ?

ವರ್ಡ್ ಮತ್ತು ಕೆಲವು ಫೋನ್ ಕೀಬೋರ್ಡ್‌ಗಳು ನೇರ ಕೋಟ್ ( ' ಮತ್ತು " ) ಟೈಪ್ ಮಾಡಿದರೆ ಬಾಗಿದ ಕೋಟ್ ( ‘ ’ ಮತ್ತು “ ” ) ಮಾಡಿಬಿಡುತ್ತವೆ. ಪಿಎಚ್‌ಪಿಗೆ ಬಾಗಿದ ಕೋಟ್ ಒಂದು ಕೋಟೇ ಅಲ್ಲ. ಅದನ್ನು ಹೆಸರಿನ ಭಾಗವಾದ ಅಕ್ಷರ ಎಂದುಕೊಳ್ಳುತ್ತದೆ. “ಲೋಕಲ್‌ಹೋಸ್ಟ್” ಎಂದು ಬಾಗಿದ ಕೋಟ್‌ನಲ್ಲಿ ಬರೆದರೆ, ಪಿಎಚ್‌ಪಿ 8ರಲ್ಲಿ ‘ಅನ್‌ಡಿಫೈನ್ಡ್ ಕಾನ್‌ಸ್ಟಂಟ್’ ಎಂಬ ಎರರ್ ಬರುತ್ತದೆ, ಪಾರ್ಸ್ ಎರರ್ ಅಲ್ಲ. ಆ ಎರರ್‌ನಲ್ಲಿ ತೋರಿಸಿದ ಹೆಸರನ್ನು ಕಣ್ಣಿಟ್ಟು ನೋಡಿ. ಕೋಟ್ ಒಳಗೆ ಇನ್ನೊಂದು ಕೋಟ್ ಇದ್ದರೆ ಇದೇ ಕಾರಣ.

ಇನ್ನೂ ಹಟಮಾರಿಯಾದದ್ದು ಕಾಣದೇ ಇರುವ ಅಕ್ಷರ. ಕನ್ನಡ ಟೈಪ್ ಮಾಡುವಾಗ ಅಕ್ಷರಗಳು ಒತ್ತಾಗದಂತೆ ಬಿಡಿಸಲು ಶೂನ್ಯ ಅಗಲದ ಒಂದು ಚಿಹ್ನೆ ಬರುತ್ತದೆ. ಅದೇ ಕೀಬೋರ್ಡ್‌ನಲ್ಲಿ ಕೋಡ್ ತಿದ್ದುವಾಗ ಅದು ವೇರಿಯಬಲ್ ಹೆಸರಿಗೆ ಅಂಟಿಕೊಂಡರೆ ಒಂದೇ ಥರ ಕಾಣುವ ಎರಡು ಬೇರೆ ಬೇರೆ ವೇರಿಯಬಲ್‌ಗಳಾಗುತ್ತವೆ. ‘ಅನ್‌ಡಿಫೈನ್ಡ್ ವೇರಿಯಬಲ್’ ಎಂದು ಬರುತ್ತದೆ, ಅದು ಮೇಲಿನ ಸಾಲಿನಲ್ಲಿ ಎದುರಿಗೇ ಇದ್ದರೂ. ಅಂಥ ಸಾಲನ್ನು ತಿದ್ದಲು ಹೋಗಬೇಡಿ. ಪೂರ್ತಿ ಅಳಿಸಿ, ಇಂಗ್ಲಿಷ್ ಕೀಬೋರ್ಡ್‌ನಲ್ಲಿ ಕೈಯಾರೆ ಮತ್ತೆ ಟೈಪ್ ಮಾಡಿ. ಕನ್ನಡ ಅಂಕಿ ೧, ೨ ಕ್ವೆರಿಯೊಳಗೆ ನುಸುಳಿದರೂ ಹೀಗೇ ಕಾಟ.

ವಾಟ್ಸಾಪ್‌ನಲ್ಲಿ ನಕ್ಷತ್ರ (*) ಮತ್ತು ಬ್ಯಾಕ್‌ಟಿಕ್ (`) ಚಿಹ್ನೆಗಳು ಅಕ್ಷರ ದಪ್ಪ ಮಾಡುವುದಕ್ಕೆ, ಕೋಡ್ ತೋರಿಸುವುದಕ್ಕೆ ಬಳಕೆಯಾಗುತ್ತವೆ. ಎಸ್‌ಕ್ಯೂಎಲ್‌ನಲ್ಲಿ ಎರಡೂ ಮುಖ್ಯ. ಮೆಸೇಜ್‌ನಲ್ಲಿ ಬಂದ ಕ್ವೆರಿಯಲ್ಲಿ ಅವು ಮಾಯವಾಗಿರಬಹುದು. ಕೋಡ್ ಕಳಿಸುವುದಿದ್ದರೆ ಫೈಲ್ ಆಗಿಯೇ ಕಳಿಸಲು ಹೇಳಿ.

ಹಂತ 5: ಕನೆಕ್ಷನ್ ಒಂದನ್ನೇ ಬೇರೆ ಮಾಡಿ ಪರೀಕ್ಷಿಸಿ

ಹೊಸ ಫೈಲ್ ಮಾಡಿ. ಅದರಲ್ಲಿ ಕನೆಕ್ಟ್ ಮಾಡುವ ಸಾಲು, ‘ಸರಿ ಇದೆ’ ಎಂದು ಪ್ರಿಂಟ್ ಮಾಡುವ ಸಾಲು, ಇವೆರಡೇ ಇರಲಿ. ಫಾರ್ಮ್ ಬೇಡ, ಕ್ವೆರಿ ಬೇಡ. ‘ಸರಿ ಇದೆ’ ಬಂದರೆ ಕನೆಕ್ಷನ್ ವಿಷಯ ಅಲ್ಲಿಗೆ ಮುಗಿಯಿತು, ಇನ್ನು ಅದರ ಕಡೆ ತಿರುಗಿ ನೋಡಬೇಡಿ.

ಮೈಎಸ್‌ಕ್ಯೂಎಲ್‌ಐನಲ್ಲಿ ಕ್ರಮ ಹೀಗೆ: ಹೋಸ್ಟ್, ಯೂಸರ್, ಪಾಸ್‌ವರ್ಡ್, ಡೇಟಾಬೇಸ್. ಡೇಟಾಬೇಸ್ ಹೆಸರನ್ನು ಎರಡನೆಯ ಜಾಗಕ್ಕೆ ಹಾಕಿದರೆ ಅದನ್ನೇ ಯೂಸರ್ ಎಂದುಕೊಳ್ಳುತ್ತದೆ, 1045 ಬರುತ್ತದೆ. ಪಿಡಿಒದಲ್ಲಿ ಹೋಸ್ಟ್, ಡೇಟಾಬೇಸ್, ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಉಳಿಸುವ ಕ್ರಮ) ಒಂದೇ ಕೋಟ್ ಒಳಗೆ ಹೋಗುತ್ತವೆ. ಅವುಗಳ ನಡುವೆ ಸೆಮಿಕೋಲನ್ ಇರಬೇಕು, ಕಾಮಾ ಅಲ್ಲ. ಒಂದಕ್ಕೊಂದು ಬೆರೆಸಿದರೆ ಕೆಟ್ಟಿತು.

1045 ಎಂದರೆ ಯೂಸರ್ ಅಥವಾ ಪಾಸ್‌ವರ್ಡ್ ತಪ್ಪು. 1044 ಎಂದರೆ ಯೂಸರ್ ಸರಿ, ಆ ಡೇಟಾಬೇಸ್‌ಗೆ ಅವನಿಗೆ ಅನುಮತಿ ಇಲ್ಲ. 1049 ಎಂದರೆ ಆ ಹೆಸರಿನ ಡೇಟಾಬೇಸೇ ಇಲ್ಲ. 2002 ಎಂದರೆ ಡೇಟಾಬೇಸ್ ಸರ್ವರ್ ಓಡುತ್ತಿಲ್ಲ, ಇಲ್ಲವೇ ಹೋಸ್ಟ್ ಹೆಸರು ತಪ್ಪು. ಝಾಂಪ್‌ನಲ್ಲಿ ಹೊಸದಾಗಿ ಹಾಕಿದಾಗ ಯೂಸರ್ ‘ರೂಟ್’, ಪಾಸ್‌ವರ್ಡ್ ಖಾಲಿ. ಖಾಲಿ ಎಂದರೆ "" ಎಂದು ಎರಡು ಕೋಟ್, ನಡುವೆ ಒಂದು ಸ್ಪೇಸ್ ಕೂಡ ಇರಬಾರದು.

‘ಮೈಎಸ್‌ಕ್ಯೂಎಲ್_ಕನೆಕ್ಟ್ ಎಂಬ ಫಂಕ್ಷನ್ ಇಲ್ಲ’ ಎಂಬ ಎರರ್ ಬಂದರೆ ನಿಮ್ಮ ಟ್ಯುಟೋರಿಯಲ್ ಹಳೆಯದು. ಆ ಹಳೆ ಫಂಕ್ಷನ್‌ಗಳನ್ನು 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದ್ದಾರೆ. ಸುಮ್ನೆ ಎಲ್ಲ ಕಡೆ ಒಂದು ‘ಐ’ ಸೇರಿಸಿದರೆ ಆಗುವುದಿಲ್ಲ. ಹಳೆಯದರಲ್ಲಿ ಕ್ವೆರಿ ಮೊದಲು, ಕನೆಕ್ಷನ್ ಆಮೇಲೆ. ಹೊಸದರಲ್ಲಿ ಕನೆಕ್ಷನ್ ಮೊದಲು, ಕ್ವೆರಿ ಆಮೇಲೆ. ಈ ಅದಲು ಬದಲು ಬಿಟ್ಟುಹೋದರೆ ‘ಆರ್ಗ್ಯುಮೆಂಟ್ 1’ ಸರಿಯಿಲ್ಲ ಎಂಬ ಎರರ್ ಕಾಯುತ್ತಿರುತ್ತದೆ.

ಹಂತ 6: 1064 ಬಂದಾಗ

ಮೊದಲ ಕೆಲಸ, ಕ್ವೆರಿಯನ್ನು ಓಡಿಸುವ ಸಾಲಿಗಿಂತ ಮುಂಚೆ ಅದನ್ನು ಪರದೆಗೆ ಪ್ರಿಂಟ್ ಮಾಡಿ ಅಲ್ಲೇ ನಿಲ್ಲಿಸಿ. ಪಿಎಚ್‌ಪಿ ಫೈಲಿನಲ್ಲಿರುವ ಕ್ವೆರಿ ಬೇರೆ, ವೇರಿಯಬಲ್‌ಗಳೆಲ್ಲ ತುಂಬಿದ ಮೇಲೆ ಡೇಟಾಬೇಸ್‌ಗೆ ಹೋಗುವ ಕ್ವೆರಿ ಬೇರೆ. ನೋಡಬೇಕಾದದ್ದು ಎರಡನೆಯದನ್ನು. ಅದನ್ನು ಕಾಪಿ ಮಾಡಿ ಪಿಎಚ್‌ಪಿಮೈಅಡ್ಮಿನ್‌ನ ಎಸ್‌ಕ್ಯೂಎಲ್ ಟ್ಯಾಬ್‌ನಲ್ಲಿ ಹಾಕಿ ಓಡಿಸಿ. ಅಲ್ಲೂ ಅದೇ ಎರರ್ ಬಂದರೆ ಪಿಎಚ್‌ಪಿಯನ್ನು ಮರೆತು ಕ್ವೆರಿ ಒಂದನ್ನೇ ತಿದ್ದಬಹುದು.

ಎರಡನೆಯದು, ಎರರ್‌ನಲ್ಲಿ ‘ನಿಯರ್’ ಎಂಬ ಪದದ ಮುಂದೆ ಕೋಟ್ ಒಳಗೆ ಏನಿದೆ ಎಂದು ಓದಿ. ಡೇಟಾಬೇಸ್ ಎಡವಿದ್ದು ಅಲ್ಲಿ. ತಪ್ಪು ಆ ಮೊದಲ ಪದದಲ್ಲೇ ಇರುತ್ತದೆ, ಇಲ್ಲವೇ ಅದರ ಹಿಂದಿನ ಪದದಲ್ಲಿ. ‘ಲೈನ್ 1’ ಎಂದು ಬರುವುದು ಕ್ವೆರಿಯ ಮೊದಲ ಸಾಲು, ನಿಮ್ಮ ಪಿಎಚ್‌ಪಿ ಫೈಲಿನ ಮೊದಲ ಸಾಲಲ್ಲ. ಫೈಲಿನ ಮೇಲ್ಭಾಗ ನೋಡುತ್ತಾ ಕೂರುವವರು ಎಷ್ಟೋ ಜನ.

ಈಗ ನಿಯರ್‌ನ ಮುಂದೆ ಏನು ಬಂದರೆ ಏನರ್ಥ ಎಂದು ನೋಡೋಣ.

*ನಿಯರ್ ಮುಂದೆ ಗಿರಾಕಿಯ ಹೆಸರಿನ ಅರ್ಧ ಬಂದರೆ.* ಹೋಂಸ್ಟೇ ಫಾರ್ಮ್‌ನಲ್ಲಿ ಅತಿಥಿಯ ಹೆಸರು ಡಿ'ಸೋಜ ಎಂದಿಟ್ಟುಕೊಳ್ಳಿ. ಕ್ವೆರಿಯಲ್ಲಿ ಅದು 'ಡಿ'ಸೋಜ' ಎಂದಾಗುತ್ತದೆ. ‘ಡಿ’ ಆದ ಮೇಲೆ ಬಂದ ಕೋಟನ್ನು ಡೇಟಾಬೇಸ್ ಹೆಸರಿನ ಕೊನೆ ಎಂದುಕೊಂಡು, ಮುಂದಿನ ‘ಸೋಜ’ ಏನೆಂದು ತಿಳಿಯದೆ ನಿಲ್ಲುತ್ತದೆ. ಟೆಸ್ಟ್ ಮಾಡುವಾಗ ಬೋಪಣ್ಣ, ಕಾವೇರಮ್ಮ ಎಂದೆಲ್ಲ ಹಾಕಿ ನೋಡಿದ್ದಿರಿ, ಸಲೀಸಾಗಿ ಹೋಯಿತು. ಮೊದಲ ನಿಜವಾದ ಗಿರಾಕಿಗೇ ಮುರಿಯಿತು. ಇಂಗ್ಲಿಷ್‌ನಲ್ಲಿ ‘ಡೋಂಟ್’ ಎಂದು ಷರಾ ಬರೆದರೂ ಇದೇ ಕಥೆ. ಹೆಸರಿನಿಂದ ಕೋಟ್ ಅಳಿಸುವುದು ಪರಿಹಾರವಲ್ಲ. ಹಂತ 7 ಇದಕ್ಕೆಂದೇ ಇದೆ.

*ನಿಯರ್ ಮುಂದೆ ಕಾಲಂನ ಹೆಸರೇ ಬಂದರೆ.* ಆ ಹೆಸರು ಎಸ್‌ಕ್ಯೂಎಲ್ ತನಗಾಗಿ ಕಾಯ್ದಿಟ್ಟ ಪದ. ಬುಕಿಂಗ್ ಟೇಬಲ್ ಮಾಡುವವರು ಯಾವ ದಿನದಿಂದ ಯಾವ ದಿನದವರೆಗೆ ಎನ್ನುವುದಕ್ಕೆ ‘ಫ್ರಮ್’, ‘ಟು’ ಎಂದೋ, ‘ಇನ್’, ‘ಔಟ್’ ಎಂದೋ ಕಾಲಂ ಇಡುತ್ತಾರೆ. ನಾಲ್ಕೂ ಕಾಯ್ದಿಟ್ಟ ಪದಗಳೇ! ವಿವರಕ್ಕೆ ‘ಡೆಸ್ಕ್ರಿಪ್ಶನ್’ ಎನ್ನುವುದನ್ನು ‘ಡೆಸ್ಕ್’ ಎಂದು ಚಿಕ್ಕದು ಮಾಡಿದರೆ ಅದೂ ಹಾಗೇ. ‘ಆರ್ಡರ್’, ‘ಗ್ರೂಪ್’, ‘ಕೀ’, ‘ರೇಂಜ್’ ಕೂಡ. ಹೆಸರಿನ ಎರಡೂ ಬದಿ ಬ್ಯಾಕ್‌ಟಿಕ್ ಹಾಕಿದರೆ ಎರರ್ ಹೋಗುತ್ತದೆ, ಆದರೆ ಎಲ್ಲ ಕ್ವೆರಿಯಲ್ಲೂ ತಪ್ಪದೆ ಹಾಕುತ್ತಿರಬೇಕು. ಕಾಲಂ ಹೆಸರನ್ನೇ ‘ಅರೈವಲ್_ಡೇಟ್’ ಥರ ಬದಲಾಯಿಸುವುದು ವಾಸಿ. ಸಿಂಗಲ್ ಕೋಟ್ ಹಾಕಿದರೆ ಅದು ಕಾಲಂ ಹೆಸರಾಗದೆ ಬರೀ ಪದವಾಗುತ್ತದೆ. ಬ್ಯಾಕ್‌ಟಿಕ್ ಇರುವುದು ಕೀಬೋರ್ಡ್‌ನಲ್ಲಿ 1ರ ಎಡಕ್ಕೆ.

‘ರ‍್ಯಾಂಕ್’ ಎಂಬ ಕಾಲಂ ಬಗ್ಗೆ ಬೇರೆಯಾಗಿ ಹೇಳಬೇಕು. ಮೈಎಸ್‌ಕ್ಯೂಎಲ್ 5.7ರವರೆಗೆ ಅದು ಮಾಮೂಲಿ ಹೆಸರು, 8.0ರಿಂದ ಕಾಯ್ದಿಟ್ಟ ಪದ. ಮನೆಯ ಝಾಂಪ್‌ನಲ್ಲಿ ಮರಿಯಾಡಿಬಿ ಅದನ್ನು ತಕರಾರಿಲ್ಲದೆ ಒಪ್ಪುತ್ತದೆ. ಹೋಸ್ಟಿಂಗ್‌ನಲ್ಲಿ ಮೈಎಸ್‌ಕ್ಯೂಎಲ್ 8 ಇದ್ದರೆ ಒಪ್ಪುವುದಿಲ್ಲ.

*ಕಾಲಂ ಹೆಸರಿನ ನಡುವೆ ಸ್ಪೇಸ್ ಅಥವಾ ಅಡ್ಡಗೆರೆ ಇದ್ದರೆ.* ತೋಟದ ಲೆಕ್ಕದಲ್ಲಿ ‘ರೋಬಸ್ಟಾ-ಚೆರ್ರಿ’ ಎಂಬ ಕಾಲಂ ಬರೆದರೆ ಡೇಟಾಬೇಸ್ ಅದನ್ನು ರೋಬಸ್ಟಾದಿಂದ ಚೆರ್ರಿಯನ್ನು ಕಳೆಯಿರಿ ಎಂದು ಓದುತ್ತದೆ. ಕೆಳಗೆರೆ (_) ಬಳಸಿ: ರೋಬಸ್ಟಾ_ಚೆರ್ರಿ, ಅರೇಬಿಕಾ_ಪಾರ್ಚ್‌ಮೆಂಟ್.

*ನಿಯರ್ ಮುಂದೆ '' ಎಂದು ಖಾಲಿ ಬಂದರೆ.* ಕ್ವೆರಿ ಅರ್ಧಕ್ಕೇ ಮುಗಿದುಹೋಗಿದೆ. ಒಂದೋ ಕೊನೆಯ ಬ್ರಾಕೆಟ್ ಮುಚ್ಚಿಲ್ಲ, ಇಲ್ಲವೇ ‘ವೇರ್ ಐಡಿ = ’ ಆದ ಮೇಲೆ ಬರಬೇಕಿದ್ದ ವೇರಿಯಬಲ್ ಖಾಲಿ ಇದೆ. ಹಾಗಿದ್ದರೆ ತಪ್ಪು ಎಸ್‌ಕ್ಯೂಎಲ್‌ನಲ್ಲಿಲ್ಲ, ಫಾರ್ಮ್‌ನಲ್ಲಿದೆ. ಇನ್‌ಪುಟ್‌ನ ‘ನೇಮ್’ ಮತ್ತು ಪಿಎಚ್‌ಪಿಯಲ್ಲಿ ಓದುವ ಹೆಸರು ಒಂದೇ ಇದೆಯೇ ನೋಡಿ. ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಕೂಡ ಒಂದೇ ಇರಬೇಕು.

*ನಿಯರ್ ಮುಂದೆ ')' ಬಂದರೆ.* ಬ್ರಾಕೆಟ್‌ಗೆ ಮುಂಚೆ ಒಂದು ಕಾಮಾ ಜಾಸ್ತಿ ಇದೆ ಅಥವಾ ಬೆಲೆ ಬಂದಿಲ್ಲ. ಮಳೆ ಲೆಕ್ಕದ ಪುಟಗಳಲ್ಲಿ ಇದು ಪದೇ ಪದೇ ಆಗುತ್ತದೆ. ಮಳೆ ಬಾರದ ದಿನ ಆ ಜಾಗ ಖಾಲಿ ಬಿಟ್ಟು ಸಬ್ಮಿಟ್ ಒತ್ತುತ್ತಾರೆ. ಕ್ವೆರಿ ('2025-03-10', ) ಎಂದಾಗಿ ನಿಲ್ಲುತ್ತದೆ. ಖಾಲಿ ಇದ್ದರೆ 0 ಹಾಕಬೇಕೋ, ‘ನಲ್’ ಹಾಕಬೇಕೋ ನೀವೇ ತೀರ್ಮಾನಿಸಿ. ಮಳೆ ಬಂದಿಲ್ಲ ಎನ್ನುವುದೂ, ಅಳೆದಿಲ್ಲ ಎನ್ನುವುದೂ ಒಂದೇ ಅಲ್ಲ, ಅಲ್ವಾ?

*ನಿಯರ್ ಮುಂದೆ ‘ಇಂಚ್’ ಅಥವಾ ಅಂಕಿಯ ಬಾಲ ಬಂದರೆ.* ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುವ ರೂಢಿ. ಅಭ್ಯಾಸಬಲದಿಂದ ‘2 ಇಂಚ್ 35’ ಎಂದೇ ಟೈಪ್ ಮಾಡುತ್ತಾರೆ. 2.35 ಎಂದೇ ತೆಗೆದುಕೊಳ್ಳುವಂತೆ ಫಾರ್ಮ್ ಮಾಡಿ. ಕಾಲಂ ‘ಡೆಸಿಮಲ್’ ಮಾದರಿಯದಿರಲಿ. ಮೆಣಸು ಮಾರಿದ ಹಣವನ್ನು 1,25,000 ಎಂದು ಕಾಮಾ ಸಮೇತ ಹಾಕಿದರೆ ಡೇಟಾಬೇಸ್‌ಗೆ ಅದು ಮೂರು ಬೇರೆ ಬೇರೆ ಬೆಲೆ. ‘ಇನ್‌ಸರ್ಟ್’ ಇದ್ದರೆ 1136, ಅಂದರೆ ಕಾಲಂ ಎಷ್ಟಿದೆಯೋ ಬೆಲೆ ಅಷ್ಟಿಲ್ಲ ಎಂಬ ಎರರ್ ಬರುತ್ತದೆ. ‘ಅಪ್‌ಡೇಟ್’ ಇದ್ದರೆ 1064, ನಿಯರ್ ಮುಂದೆ 25,000. ಕ್ವೆರಿಗೆ ಹೋಗುವ ಮುಂಚೆಯೇ ಕಾಮಾ ತೆಗೆದುಹಾಕಿ.

*ನಿಯರ್ ಮುಂದೆ ಎರಡು ಪದ ಅಂಟಿಕೊಂಡಂತೆ ಕಂಡರೆ,* ಅಥವಾ ಪ್ರಿಂಟ್ ಮಾಡಿದ ಕ್ವೆರಿಯಲ್ಲಿ ‘ಬುಕಿಂಗ್‌ವೇರ್’ ಎಂದು ಬಂದಿದ್ದರೆ, ಉದ್ದದ ಕ್ವೆರಿಯನ್ನು ತುಂಡು ಮಾಡಿ ಚುಕ್ಕಿಯಿಂದ ಜೋಡಿಸುವಾಗ ನಡುವೆ ಸ್ಪೇಸ್ ಬಿಟ್ಟಿಲ್ಲ. ಪ್ರತಿ ತುಂಡಿನ ಕೊನೆಗೆ ಒಂದು ಸ್ಪೇಸ್ ಇಡುವುದನ್ನು ರೂಢಿ ಮಾಡಿಕೊಳ್ಳಿ.

ಸಿಂಟ್ಯಾಕ್ಸ್ ಎರರ್ ಎಂದು ಕಾಣದೇ ಮೋಸ ಮಾಡುವವು ಎರಡಿವೆ. ಕ್ವೆರಿಯನ್ನು ಸಿಂಗಲ್ ಕೋಟ್‌ನಲ್ಲಿ ಬರೆದರೆ ಪಿಎಚ್‌ಪಿ ಒಳಗಿನ ವೇರಿಯಬಲ್ ತುಂಬುವುದಿಲ್ಲ. $ಐಡಿ ಎಂಬುದು ಹಾಗೇ ಹೋಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಹೆಸರಿಗೆ $ ಬಳಸಬಹುದಾದ್ದರಿಂದ ಅದನ್ನೂ ಒಂದು ಕಾಲಂ ಎಂದುಕೊಂಡು 1054, ಅಂದರೆ ‘ಅಂಥ ಕಾಲಂ ಇಲ್ಲ’ ಎನ್ನುತ್ತದೆ. ಎರರ್‌ನಲ್ಲಿ $ ಕಂಡರೆ ಹೊರಗಿನ ಕೋಟ್ ನೋಡಿ.

ಇನ್ನೊಂದು ತಾರೀಖು. ಕೋಟ್ ಹಾಕದೆ 2025-12-24 ಎಂದು ಬರೆದರೆ ಡೇಟಾಬೇಸ್ ಅದನ್ನು ಕಳೆಯುವ ಲೆಕ್ಕ ಎಂದುಕೊಂಡು 1989 ಎಂದು ಉತ್ತರ ತೆಗೆಯುತ್ತದೆ. ಸಿಂಟ್ಯಾಕ್ಸ್ ಸರಿಯಾಗಿಯೇ ಇದೆಯಲ್ಲ! ‘1989 ಸರಿಯಾದ ತಾರೀಖಲ್ಲ’ ಎಂಬ ಎರರ್ ನೋಡಿ, ಈ 1989 ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಳ್ಳುತ್ತಾರೆ. ತಾರೀಖಿಗೆ ಯಾವಾಗಲೂ ಕೋಟ್ ಬೇಕು. ಕ್ರಮ ವರ್ಷ, ತಿಂಗಳು, ದಿನ.

ಹಂತ 7: ಕೋಟ್‌ಗಳ ಕಾಟವನ್ನೇ ತೆಗೆದುಹಾಕಿ

ಮೇಲಿನ ಅರ್ಧಕ್ಕರ್ಧ ತಪ್ಪು ಬರುವುದು ಗಿರಾಕಿ ಟೈಪ್ ಮಾಡಿದ್ದನ್ನು ಕ್ವೆರಿಯೊಳಗೆ ನೇರವಾಗಿ ಅಂಟಿಸುವುದರಿಂದ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದರೆ ಕ್ವೆರಿಯಲ್ಲಿ ಬೆಲೆಯ ಜಾಗಕ್ಕೆ ? ಹಾಕಿ ಮೊದಲು ಸಿದ್ಧ ಮಾಡುತ್ತೀರಿ, ಬೆಲೆಗಳನ್ನು ಆಮೇಲೆ ಬೇರೆಯಾಗಿ ಕೊಡುತ್ತೀರಿ. ಡಿ'ಸೋಜ ಇದ್ದ ಹಾಗೇ ಹೋಗಿ ಕೂರುತ್ತದೆ. ಯಾರಾದರೂ ಬೇಕೆಂದೇ ಫಾರ್ಮ್‌ನಲ್ಲಿ ಎಸ್‌ಕ್ಯೂಎಲ್ ಟೈಪ್ ಮಾಡಿ ಟೇಬಲ್ ಹಾಳು ಮಾಡಲು ನೋಡಿದರೂ ಅದು ಬರೀ ಹೆಸರಾಗಿ ಉಳಿಯುತ್ತದೆ. ಕಲಿತ ಮೇಲೆ ಬಳಸೋಣ ಎಂದು ಇದನ್ನು ಮುಂದಕ್ಕೆ ಹಾಕಬೇಡಿ. ನನ್ನನ್ನು ಕೇಳಿದರೆ ಮೊದಲ ದಿನವೇ ಇದರಲ್ಲೇ ಶುರು ಮಾಡುವುದು ಸುಲಭ.

ಇಲ್ಲೂ ಎಡವುವ ಜಾಗಗಳಿವೆ. ? ಸುತ್ತ ಕೋಟ್ ಹಾಕಬಾರದು. '?' ಎಂದರೆ ಅದು ಬರೀ ಪ್ರಶ್ನಾರ್ಥಕ ಚಿಹ್ನೆಯ ಅಕ್ಷರ. ಟೇಬಲ್ ಹೆಸರಿಗೂ ಕಾಲಂ ಹೆಸರಿಗೂ ? ನಡೆಯುವುದಿಲ್ಲ, ಬೆಲೆಗೆ ಮಾತ್ರ.

ಮೈಎಸ್‌ಕ್ಯೂಎಲ್‌ಐನ ‘ಬೈಂಡ್_ಪ್ಯಾರಮ್’ನಲ್ಲಿ ಮೊದಲು ಮಾದರಿಯ ಅಕ್ಷರಗಳು: ಪೂರ್ಣಾಂಕಕ್ಕೆ ‘ಐ’, ದಶಾಂಶಕ್ಕೆ ‘ಡಿ’, ಪದಕ್ಕೆ ‘ಎಸ್’. ಮೂರು ? ಇದ್ದರೆ ಮೂರು ಅಕ್ಷರ, ಮೂರು ವೇರಿಯಬಲ್. ಫೋನ್ ನಂಬರ್‌ಗೆ ‘ಎಸ್’ ಹಾಕಿ. ಅಂಕಿ ಎಂದುಕೊಂಡರೆ ಮುಂದಿನ ಸೊನ್ನೆ ಹೋಗುತ್ತದೆ. ಮಡಿಕೇರಿಯ ಎಸ್‌ಟಿಡಿ ಕೋಡ್ 08272 ಸಮೇತ ಬರೆಯುವ ಲ್ಯಾಂಡ್‌ಲೈನ್‌ಗಳು ಇನ್ನೂ ಇವೆ. ಬೆಲೆಗಳನ್ನು ನೇರವಾಗಿ ಬರೆಯುವಂತಿಲ್ಲ, ವೇರಿಯಬಲ್ ಆಗಿಯೇ ಕೊಡಬೇಕು. ಪಿಎಚ್‌ಪಿ 8.1ರಿಂದ ಇದ್ಯಾವುದೂ ಇಲ್ಲದೆ ‘ಎಕ್ಸಿಕ್ಯೂಟ್’ಗೆ ನೇರವಾಗಿ ಬೆಲೆಗಳ ಅರೇ (ಪಟ್ಟಿ) ಕೊಡಬಹುದು. ಪಿಡಿಒದಲ್ಲಿ ಇದು ಹಿಂದಿನಿಂದಲೂ ಇದೆ.

‘ಬೈಂಡ್_ಪ್ಯಾರಮ್ ಆನ್ ಬೂಲ್’ ಎಂಬ ಎರರ್ ಕಂಡರೆ ಬೈಂಡ್ ಸಾಲನ್ನು ನೋಡಬೇಡಿ. ಅದರ ಮೇಲಿನ ‘ಪ್ರಿಪೇರ್’ ಸೋತಿದೆ, ಅಂದರೆ ಕ್ವೆರಿಯಲ್ಲೇ ತಪ್ಪಿದೆ. ಹಂತ 6ಕ್ಕೆ ವಾಪಸ್ಸು.

ಹಂತ 8: ಕನ್ನಡ ಹೆಸರು ???? ಆದರೆ

ಎರರ್ ಇಲ್ಲ, ಆದರೆ ಟೇಬಲ್‌ನಲ್ಲಿ ಕನ್ನಡದ ಬದಲು ಸಾಲಾಗಿ ಪ್ರಶ್ನೆ ಚಿಹ್ನೆ. ಕನೆಕ್ಷನ್‌ನ ಅಥವಾ ಟೇಬಲ್‌ನ ಕ್ಯಾರೆಕ್ಟರ್ ಸೆಟ್ ‘ಲ್ಯಾಟಿನ್1’ ಇದೆ. ಟೇಬಲ್ ಮತ್ತು ಕನೆಕ್ಷನ್ ಎರಡನ್ನೂ ‘ಯುಟಿಎಫ್8ಎಂಬಿ4’ ಮಾಡಿ. ಮೈಎಸ್‌ಕ್ಯೂಎಲ್‌ಐನಲ್ಲಿ ಕನೆಕ್ಟ್ ಆದ ಕೂಡಲೇ ‘ಸೆಟ್_ಚಾರ್‌ಸೆಟ್’ ಕರೆಯಿರಿ. ಪಿಡಿಒದಲ್ಲಿ ಕನೆಕ್ಷನ್ ಕೋಟ್ ಒಳಗೇ ಬರೆಯಬೇಕು. ಆಗಲೇ ???? ಆಗಿ ಉಳಿದ ಹೆಸರುಗಳು ವಾಪಸ್ಸು ಬರುವುದಿಲ್ಲ, ಮತ್ತೆ ಟೈಪ್ ಮಾಡಬೇಕು.

ಪ್ರಶ್ನೆ ಚಿಹ್ನೆಯ ಬದಲು ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಮೇಲೆ ಏರಿಸಿದ ಪುಟ್ಟ 2, ಇದೇ ಜೋಡಿ ಮತ್ತೆ ಮತ್ತೆ ಬಂದರೆ ಅದು ಬೇರೆ ಕಾಯಿಲೆ. ಕನ್ನಡದ ಬೈಟ್‌ಗಳು ಅಲ್ಲೇ ಇವೆ, ತಪ್ಪಾಗಿ ಓದಲಾಗುತ್ತಿದೆ. ಇದನ್ನು ಸರಿ ಮಾಡಬಹುದು, ಹಾಗಾಗಿ ಗಾಬರಿಯಲ್ಲಿ ಟೇಬಲ್ ಅಳಿಸಬೇಡಿ.

ಹಂತ 9: ಹೋಸ್ಟಿಂಗ್‌ಗೆ ಹಾಕುವಾಗ

ಸಿಪ್ಯಾನೆಲ್ ಇರುವ ಹೋಸ್ಟಿಂಗ್‌ನಲ್ಲಿ ಡೇಟಾಬೇಸ್ ಹೆಸರಿಗೂ ಯೂಸರ್ ಹೆಸರಿಗೂ ಮುಂದೆ ನಿಮ್ಮ ಅಕೌಂಟ್ ಹೆಸರು, ಒಂದು ಕೆಳಗೆರೆ ಸೇರಿರುತ್ತದೆ. ಯೂಸರ್‌ನ ಪೂರ್ತಿ ಹೆಸರು ಬರೆಯದಿದ್ದರೆ 1045. ಯೂಸರ್ ಮಾಡಿದ ಮೇಲೆ ಅವನನ್ನು ಡೇಟಾಬೇಸ್‌ಗೆ ಸೇರಿಸಿ ಅನುಮತಿ ಕೊಡುವುದು ಬೇರೆಯೇ ಒಂದು ಹೆಜ್ಜೆ. ಅದನ್ನು ಬಿಟ್ಟರೆ 1044.

ಮನೆಯಲ್ಲಿ ವಿಂಡೋಸ್, ಅಲ್ಲಿ ಲಿನಕ್ಸ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಟೇಬಲ್ ಹೆಸರಿನ ದೊಡ್ಡ, ಚಿಕ್ಕ ಅಕ್ಷರಕ್ಕೆ ಬೆಲೆ ಇದೆ. 1146, ಅಂದರೆ ‘ಟೇಬಲ್ ಇಲ್ಲ’ ಎಂದು ಬಂದರೆ ಮೊದಲು ಇದನ್ನೇ ನೋಡಿ. ಎಲ್ಲ ಹೆಸರೂ ಚಿಕ್ಕ ಅಕ್ಷರದಲ್ಲಿದ್ದರೆ ಈ ರಗಳೆಯೇ ಇಲ್ಲ.

ಪುಟ ಜನರಿಗೆ ತೆರೆದ ದಿನ ‘ಡಿಸ್‌ಪ್ಲೇ ಎರರ್ಸ್’ ಆಫ್ ಮಾಡಲೇಬೇಕು. ಪಿಡಿಒ ಕನೆಕ್ಷನ್ ಸೋತಾಗ ಎರರ್‌ನ ಜೊತೆ ಯೂಸರ್‌ನೇಮ್, ಪಾಸ್‌ವರ್ಡ್ ಕೂಡ ಪರದೆಗೆ ಬರುವ ಸಾಧ್ಯತೆ ಇದೆ. ಎರರ್‌ಗಳು ಲಾಗ್‌ಗೆ ಹೋಗಲಿ.

ಮಳೆಗಾಲದ ಒಂದು ಎಚ್ಚರಿಕೆ

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳುವ ಹಾಗಿಲ್ಲ. ಝಾಂಪ್ ಓಡುವಾಗ ದಿಢೀರ್ ಕಂಪ್ಯೂಟರ್ ಆಫ್ ಆದರೆ, ಮರುದಿನ ‘ಮೈಎಸ್‌ಕ್ಯೂಎಲ್ ಶಟ್‌ಡೌನ್ ಅನ್‌ಎಕ್ಸ್‌ಪೆಕ್ಟೆಡ್ಲಿ’ ಎಂಬ ಕೆಂಪು ಸಾಲು ಬರಬಹುದು. ಪುಟದಲ್ಲಿ 2002 ಕಾಣುತ್ತದೆ. ನಿನ್ನೆ ಓಡಿದ ಕೋಡನ್ನು ಇವತ್ತು ತಿದ್ದಬೇಡಿ, ಅದರಲ್ಲಿ ತಪ್ಪಿಲ್ಲ.

ಏನೇ ಮಾಡುವ ಮುಂಚೆ ಝಾಂಪ್‌ನ ಮೈಎಸ್‌ಕ್ಯೂಎಲ್ ಫೋಲ್ಡರ್‌ನೊಳಗಿನ ‘ಡೇಟಾ’ ಫೋಲ್ಡರನ್ನು ಪೂರ್ತಿ ಬೇರೆ ಕಡೆ ಕಾಪಿ ಮಾಡಿಡಿ. ವಿಡಿಯೊ ನೋಡಿ ‘ಐಬಿಡೇಟಾ1’ ಎಂಬ ಫೈಲ್ ಅಳಿಸುವವರಿದ್ದಾರೆ. ಎಲ್ಲ ಡೇಟಾಬೇಸ್‌ಗಳ ಬೇರು ಅದರಲ್ಲಿದೆ, ಅದು ಹೋದರೆ ಟೇಬಲ್‌ಗಳು ಹೆಸರಿಗೆ ಕಾಣುತ್ತವೆ, ತೆರೆಯುವುದಿಲ್ಲ. ಮೋಡ ಕಟ್ಟಿದ ದಿನ ಕೆಲಸ ಮುಗಿದ ಕೂಡಲೇ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿ ಒಂದು ಎಸ್‌ಕ್ಯೂಎಲ್ ಫೈಲ್ ಪೆನ್ ಡ್ರೈವ್‌ಗೆ ಹಾಕಿ, ಆಮೇಲೆ ಪ್ಯಾನೆಲ್‌ನಲ್ಲಿ ಮೈಎಸ್‌ಕ್ಯೂಎಲ್‌ನ ‘ಸ್ಟಾಪ್’ ಒತ್ತಿ.